ಅಟ್ಟದ ಅಡಿಕೆ ಕದ್ದು ಮೂವತ್ಮೂರು ವರ್ಷ

ಪ್ರಶ್ನೆ: ಹತ್ತೊಂಬತ್ತನೇ ವಯಸ್ಸಿನಲ್ಲಿ ನಮ್ಮ ಮನೆಯ ಅಟ್ಟದಿಂದಲೇ ಅರ್ಧ ಮೂಟೆ ಅಡಿಕೆ ಕದ್ದು ಮಾರಿದ್ದೆ. ಅಪ್ಪಯ್ಯ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಮೇಲೆ ಅನುಮಾನಪಟ್ಟು, ಎಲ್ಲರೆದುರು ಬೈದು ಕೆಲಸ ಬಿಡಿಸಿದರು. ಅಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಈಗ ನನಗೆ 52. ಆಮೇಲೆ ಯಾರದೂ ಒಂದು ಪೈಸೆ ಮುಟ್ಟಿಲ್ಲ. ವರ್ಷಕ್ಕೊಮ್ಮೆ ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕುತ್ತೇನೆ. ಆದರೂ ಹೋದ ವರ್ಷ ಅಪ್ಪಯ್ಯ ತೀರಿಕೊಂಡಾಗಿನಿಂದ ನಿದ್ದೆಯಿಲ್ಲ. ಇದು ಕಾಯಿಲೆಯೋ, ಕರ್ಮಫಲವೋ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ನಮ್ಮ ಕಡೆ ತೋಟದ ಬೇಲಿಗೆ ‘ಚೌಡೇಶ್ವರಿ ಅಮ್ಮನವರ ಕಾವಲಿದೆ’ ಎಂದು ಬೋರ್ಡು ತೂಗುಹಾಕುತ್ತಾರಲ್ಲ, ಅಂಥದೊಂದು ಕಾವಲು ಮನುಷ್ಯನ ಒಳಗೂ ಇದೆ. ಮೊದಮೊದಲು ಅಪ್ಪ ಅಮ್ಮ ನೋಡಿಬಿಟ್ಟರೆ ಎಂದು ಹೆದರುವ ಮಗು, ಬರುಬರುತ್ತಾ ಆ ನೋಟವನ್ನೇ ಒಳಗೆ ಕೂರಿಸಿಕೊಳ್ಳುತ್ತದೆ. ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ 1923ರಲ್ಲಿ ಇದಕ್ಕೆ ಕೊಟ್ಟ ಹೆಸರು ಇಂದು ಸೂಪರ್‌ಈಗೋ ಎಂದು ಬಳಕೆಯಲ್ಲಿದೆ. ಹೊರಗಿನ ಯಜಮಾನರ ಕಣ್ಣು ತಪ್ಪಿಸಬಹುದು. ಒಳಗೆ ಕೂತವರಿಂದ ಬರೀ ಯೋಚನೆಯನ್ನೂ ಬಚ್ಚಿಡಲಾಗದು. ಅದಕ್ಕೇ ಒಳ್ಳೆಯವರನ್ನೇ ಅದು ಹೆಚ್ಚು ಕಾಡುತ್ತದೆ ಎಂದು 1930ರಲ್ಲಿ ಅವರು ಬರೆದರು. ಮೂವತ್ಮೂರು ವರ್ಷ ನೇರವಾಗಿ ಬದುಕಿಯೂ ನಿಮಗೆ ಸಮಾಧಾನ ಸಿಗದ್ದಕ್ಕೆ ಇದೊಂದು ಕಾರಣವಿರಬಹುದು. ಇನ್ನೊಂದು, ನಿಮ್ಮನ್ನು ಬೈಯಬೇಕಾಗಿದ್ದ ಅಪ್ಪಯ್ಯ ನಿಜ ಗೊತ್ತಿಲ್ಲದೆಯೇ ಹೋಗಿಬಿಟ್ಟರು. ಆ ಬೈಗುಳವನ್ನು ಈಗ ರಾತ್ರಿಯಿಡೀ ನೀವೇ ಬೈದುಕೊಳ್ಳುತ್ತಿದ್ದೀರಿ ಅನ್ನಿಸುತ್ತದೆ.

ಮನೋವಿಶ್ಲೇಷಣೆ ಇಲ್ಲಿಯವರೆಗೆ ಹೇಳಬಲ್ಲದು. ಯಾರಿಗೆ ಏನು ಬಾಕಿ ಉಳಿದಿದೆ ಎನ್ನುವುದು ನೀತಿಯ ಪ್ರಶ್ನೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದೂ ಅದೇ. ಕಾಯಿಲೆ ನಿಮ್ಮದು, ಕರ್ಮ ನಿಮ್ಮದು, ಕಾಣಿಕೆಯೂ ನಿಮ್ಮದೇ. ಕೊನೆಗೌಡರು ಮಾತ್ರ ಒಂದು ವಾಕ್ಯದಲ್ಲಿ ಬಂದು ಹೋಗುತ್ತಾರೆ. ಕಳ್ಳ ಎನ್ನಿಸಿಕೊಂಡ ಮೇಲೆ ಮುಂದಿನ ಕೊಯ್ಲಿಗೆ ಅವರನ್ನು ಯಾರಾದರೂ ಕರೆದರೇ? ಮಕ್ಕಳು ಆ ಮಾತನ್ನು ಶಾಲೆಯಲ್ಲಿ ಕೇಳಬೇಕಾಯಿತೇ? ನಿದ್ದೆ ಕೆಟ್ಟ ಅಷ್ಟೂ ರಾತ್ರಿಗಳಲ್ಲಿ ನೀವು ಅವರ ಮನೆಯ ದಾರಿ ಹಿಡಿಯಲಿಲ್ಲ. ಕಠೋರವಾಗಿ ಹೇಳುತ್ತಿದ್ದೇನೆ, ಕ್ಷಮಿಸಿ. ತನ್ನನ್ನು ತಾನೇ ದಂಡಿಸಿಕೊಳ್ಳುವುದು ಎಷ್ಟೋ ಸಲ ತಾನು ನೋಯಿಸಿದವರ ಮುಖ ನೋಡುವುದಕ್ಕಿಂತ ಸುಲಭ. ನೋಯಿಸಿದ್ದನ್ನು ಸರಿಪಡಿಸುವ ಹಂಬಲ ಎಳೆಗೂಸಿನಲ್ಲೇ ಪ್ರೀತಿಯ ಜೊತೆ ಹುಟ್ಟುತ್ತದೆ ಎಂದು ಮನೋವಿಶ್ಲೇಷಕಿ ಮೆಲನಿ ಕ್ಲೈನ್ 1937ರಲ್ಲಿ ಬರೆದಿದ್ದರು. ನಿಮ್ಮಲ್ಲೂ ಅದು ಇದೆ. ಅದಿರುವುದಕ್ಕೇ ಈ ಪತ್ರ ಬರೆದಿರಿ.

ಕೊನೆಗೌಡರು ಬದುಕಿದ್ದರೆ ಅವರ ಬಳಿಗೇ ಹೋಗಿ, ಇಲ್ಲವಾದರೆ ಮಕ್ಕಳ ಬಳಿಗೆ. ಕ್ಷಮಿಸಿ ಎಂದು ಒತ್ತಾಯಿಸಬೇಡಿ, ನಿಮ್ಮನ್ನು ಸಮಾಧಾನ ಮಾಡುವ ಹೊರೆಯನ್ನೂ ಅವರ ಮೇಲೆ ಹಾಕಬೇಡಿ. ಅವರು ಸಿಟ್ಟಾದರೆ ಕೇಳಿಸಿಕೊಳ್ಳಿ. ಅವಮಾನ ಆಗಿದ್ದು ನಾಲ್ಕು ಜನರೆದುರು. ಅವರು ಒಪ್ಪಿದರೆ, ಅವತ್ತು ಅಲ್ಲಿದ್ದವರಲ್ಲಿ ಉಳಿದವರ ಮುಂದೆಯೇ ಕದ್ದವನು ನಾನು ಎಂದು ಹೇಳಿ.

ನಿದ್ದೆಯ ವಿಷಯವನ್ನೂ ಕಡೆಗಣಿಸಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಅಷ್ಟು ದೂರ ಹೋಗುವುದು ಸದ್ಯಕ್ಕೆ ಕಷ್ಟವಾದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.