ಆಧಾರ್ ಇದ್ದರೆ ಭಾರತೀಯ ಅಂತ ಪೊಲೀಸರು ಒಪ್ಪಬೇಕಾ? ಮಲ್ಪೆ ಬೋಟುಗಳ ಕೆಲಸಗಾರರ ವಿಷಯದಲ್ಲಿ ಏನು ನಿಯಮ?

ಒಪ್ಪಬೇಕಿಲ್ಲ. ಆಧಾರ್ ಸಂಖ್ಯೆಯೊಂದೇ ಪೌರತ್ವಕ್ಕೆ ಪುರಾವೆ ಅಲ್ಲ ಅಂತ ಆಧಾರ್ ಕಾಯ್ದೆಯ 9ನೇ ಸೆಕ್ಷನ್ನಿನಲ್ಲೇ ಇದೆ. ಕಾನೂನುಬದ್ಧವಾಗಿ ಇಲ್ಲಿ ವಾಸವಿರುವ ವಿದೇಶಿಯರಿಗೂ ಅದು ಸಿಗುತ್ತದೆ.

ಈಗ ನಡೆಯುವುದು 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ. 1946ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಇದು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಗೆ ಬಂದರೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ತಾನು ವಿದೇಶಿ ಅಲ್ಲ ಅಂತ ಸಾಬೀತು ಮಾಡುವ ಹೊಣೆ ಆ ವ್ಯಕ್ತಿಯದ್ದೇ.

ನನಗೆ ಕಳವಳ ಆಗುವುದು ಇಲ್ಲೇ. ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರು, ಐಸ್ ತುಂಬುವವರಲ್ಲಿ ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳದವರೂ ಇದ್ದಾರೆ. ಬಂಗಾಳಿ ಮಾತಾಡಿದ ಮಾತ್ರಕ್ಕೆ ಬಾಂಗ್ಲಾದೇಶಿ ಆಗಿಬಿಡಲ್ಲ ಅಲ್ವಾ? ಸುಮ್ನೆ ಅನುಮಾನದ ಮೇಲೆ ಎಳೆದೊಯ್ಯುವ ಬದಲು, ಅವರ ಊರಿನ ಠಾಣೆಯಿಂದ ವಿಳಾಸ ಖಚಿತಪಡಿಸಿಕೊಳ್ಳಬೇಕು. ನಾಲ್ಕು ದಿನ ಜಾಸ್ತಿ ಹಿಡಿದರೂ ಸರಿ.

ಹಾಗಂತ ಅಪಾಯ ಇಲ್ಲವೇ ಇಲ್ಲ ಅಂತಲ್ಲ. 2021ರ ಜೂನ್‌ನಲ್ಲಿ ಮಂಗಳೂರಿನಲ್ಲಿ 38 ಶ್ರೀಲಂಕಾ ಪ್ರಜೆಗಳು ಸಿಕ್ಕಿಬಿದ್ದರು. ಕೆನಡಾಕ್ಕೆ ಕಳಿಸುತ್ತೇವೆ ಅಂತ ನಂಬಿಸಿ ಅವರನ್ನು ತಮಿಳುನಾಡಿನ ಮೂಲಕ ಇಲ್ಲಿಗೆ ತಂದಿದ್ದರು. ತನಿಖೆ ಎನ್‌ಐಎಗೆ ಹೋಯಿತು. ಇಂಥ ಜಾಲದಲ್ಲಿ ಮೊದಲು ಹಿಡಿಯಬೇಕಾದ್ದು ಏಜೆಂಟರನ್ನು.

ನೀವು ಬೋಟ್ ಮಾಲೀಕರಾದರೆ ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡು ಸುಮ್ಮನಾಗಬೇಡಿ. ಅದರ ಕ್ಯುಆರ್ ಕೋಡನ್ನು ಆಧಾರ್ ಆಪ್‌ನಲ್ಲಿ ಸ್ಕ್ಯಾನ್ ಮಾಡಿ. ಅಲ್ಲಿ ಬರುವ ಹೆಸರು, ಫೋಟೊ ಎದುರಿಗಿರುವವರದ್ದೇನಾ ನೋಡಿ. ನಕಲಿ ಕಾರ್ಡ್ ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲೇ.