ಕಡಿಮೆ ದುಡ್ಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಸುಧಾರಿಸುವುದು: ಪಿಕಪ್ ಆಮೇಲೆ, ಮೊದಲು ನಟ್ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್) ಆಕಾರದ ಒಂದು ಅಗ್ಗದ ಗಿಟಾರ್ ಇದೆ. ಶ್ರುತಿ ನಿಲ್ಲುವುದಿಲ್ಲ, ತಂತಿ ಒತ್ತಿ ಒತ್ತಿ ಬೆರಳು ನೋಯುತ್ತದೆ, ಆಂಪ್‌ಗೆ ಹಾಕಿದರೆ ಗುಂಯ್ ಅನ್ನುತ್ತದೆ. ಇರುವ ಸ್ವಲ್ಪ ದುಡ್ಡಿನಲ್ಲಿ ಒಳ್ಳೆಯ ಪಿಕಪ್ ಹಾಕಿಸಲೇ, ಇಲ್ಲ ಬಿಡಿಭಾಗಗಳ ಕಿಟ್ ತಂದು ಹೊಸದನ್ನೇ ಕಟ್ಟಲೇ?

ಎರಡೂ ಈಗ ಬೇಡ. ನೀವು ಹೇಳಿದ ಮೊದಲ ಎರಡು ತೊಂದರೆಗಳಿಗೂ ಪಿಕಪ್‌ಗೂ ಸಂಬಂಧವೇ ಇಲ್ಲ. ಮೂರನೆಯದರಲ್ಲೂ ದೊಡ್ಡ ಪಾಲು ವೈರಿಂಗಿನದೇ ಇರಬಹುದು. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಅದರ ಮೇಲೆ ಉಕ್ಕಿನ ತಂತಿ ಹೇಗೆ ಕಂಪಿಸುತ್ತದೋ ಅದನ್ನೇ ಅದು ಕರೆಂಟಾಗಿ ಆಂಪ್‌ಗೆ ಕಳಿಸುತ್ತದೆ. ತಂತಿಯೇ ಅಪಶ್ರುತಿಯಲ್ಲಿದ್ದರೆ ದುಬಾರಿ ಪಿಕಪ್ ಆ ಅಪಶ್ರುತಿಯನ್ನೇ ಇನ್ನಷ್ಟು ಚೊಕ್ಕವಾಗಿ ಕೇಳಿಸುತ್ತದೆ. ಆದ್ದರಿಂದ ದುಡ್ಡು ಕಡಿಮೆ ಇದ್ದಾಗ ತಂತಿಯನ್ನು ಮುಟ್ಟುವ ಭಾಗಗಳಿಂದ ಕೆಲಸ ಶುರು ಮಾಡಿ: ನಟ್, ಫ್ರೆಟ್ (ನೆಕ್ಕಿನ ಅಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳು), ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿಯುವ ಭಾಗ). ಆಮೇಲೆ ವೈರಿಂಗ್. ಪಿಕಪ್ ಅದಾದ ಮೇಲೆ. ಮರ, ಬಣ್ಣ ಎಲ್ಲ ಕಟ್ಟಕಡೆಗೆ.

ಶ್ರುತಿ ನಿಲ್ಲದಿದ್ದರೆ ಎಲ್ಲರೂ ಮೊದಲು ಬೈಯುವುದು ಟ್ಯೂನಿಂಗ್ ಕೀಗಳನ್ನು. ನನ್ನ ಕೈಗೆ ಬಂದ ಅಗ್ಗದ ಗಿಟಾರ್‌ಗಳಲ್ಲಿ ಹೆಚ್ಚಿನ ಸಲ ತಪ್ಪು ಇದ್ದದ್ದು ನಟ್‌ನಲ್ಲಿ, ಅಂದರೆ ನೆಕ್ಕಿನ ತುದಿಯಲ್ಲಿ ಆರು ತಂತಿಗಳೂ ಹಾದುಹೋಗುವ ಆ ಬಿಳಿ ಪ್ಲಾಸ್ಟಿಕ್ ಪಟ್ಟಿಯಲ್ಲಿ. ಪರೀಕ್ಷೆ ಸುಲಭ. ಮೂರನೇ ತಂತಿಯ ಕೀಯನ್ನು ನಿಧಾನವಾಗಿ ಬಿಗಿ ಮಾಡುತ್ತ ಟ್ಯೂನರ್ ನೋಡಿ. ಕೀ ತಿರುಗುತ್ತಿದ್ದರೂ ಸ್ವರ ಏರದೆ, ಆಮೇಲೆ ಒಮ್ಮೆಲೇ ‘ಟಿಂಗ್’ ಅಂತ ಮೇಲಕ್ಕೆ ಜಿಗಿದರೆ ತಂತಿ ನಟ್‌ನ ಗೀರಿನಲ್ಲಿ ಕಚ್ಚಿಕೊಂಡಿದೆ ಅಂತ ಅರ್ಥ. ಬೆಂಡ್ ಮಾಡಿ, ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದು, ಬಿಟ್ಟ ಮೇಲೆ ಸ್ವರ ಇಳಿದುಹೋಗುವುದೂ ಇದರಿಂದಲೇ: ಎಳೆದಾಗ ಈಚೆಗೆ ಸರಿದ ತಂತಿ ಮತ್ತೆ ಆಚೆಗೆ ಹೋಗುವುದಿಲ್ಲ. ತಂತಿ ಸಡಿಲಿಸಿ ಗೀರಿನಿಂದ ಎತ್ತಿ, ಮೆದು ಪೆನ್ಸಿಲ್ಲಿನ ಮೊನೆಯಿಂದ ಗೀರಿನ ತಳಕ್ಕೂ ಗೋಡೆಗೂ ಚೆನ್ನಾಗಿ ತಿಕ್ಕಿ. ಗ್ರಾಫೈಟ್ ಪುಡಿ ಎಣ್ಣೆಯ ಕೆಲಸ ಮಾಡುತ್ತದೆ. ಇಷ್ಟಕ್ಕೇ ಅರ್ಧ ರೋಗ ವಾಸಿಯಾಗುವುದುಂಟು. ಕೀಯ ಮೇಲೆ ತಂತಿಯ ಸುತ್ತುಗಳು ಒಂದರ ಮೇಲೊಂದು ಏರದೆ ಮೇಲಿನಿಂದ ಕೆಳಕ್ಕೆ ಎರಡು-ಮೂರು ಸುತ್ತಾಗಿ ಕೂತಿವೆಯೇ ಅಂತಲೂ ನೋಡಿ. ಹೊಸ ತಂತಿ ಹಾಕಿದ ಮೇಲೆ ಒಂದೊಂದನ್ನೂ ಕೈಯಿಂದ ಎಳೆದೆಳೆದು ಶ್ರುತಿ ಮಾಡಿ. ಅದು ಹಿಗ್ಗುವುದು ನಿಲ್ಲುವವರೆಗೂ ಯಾವ ಕೀಯೂ ಅದನ್ನು ಹಿಡಿದಿಡಲಾರದು.

ಬೆರಳು ನೋಯುವುದಕ್ಕೂ ಮೊದಲ ಆರೋಪಿ ನಟ್ಟೇ. ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್ಟಿನ ನಡುವೆ ಒತ್ತಿ ಹಿಡಿದು, ಮೊದಲನೇ ಫ್ರೆಟ್ಟಿನ ಮೇಲೆ ಎಷ್ಟು ಸಂದಿ ಇದೆ ನೋಡಿ. ಒಂದು ತೆಳು ಕಾಗದ ತೂರುವಷ್ಟಿದ್ದರೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಗೀರು ಆಳವಾಗಿಲ್ಲ. ಆಗ ಮೊದಲ ಫ್ರೆಟ್ಟಿನಲ್ಲಿ ಎಫ್ ಕಾರ್ಡ್ ಹಿಡಿಯುವುದು ಹಿಂಸೆ, ಮೇಲಾಗಿ ಒತ್ತಿದಾಗ ತಂತಿ ಬಿಗಿಯಾಗಿ ಸ್ವರವೂ ಏರುತ್ತದೆ. ಗೀರು ಇಳಿಸುವ ಅರಗಳ ಸೆಟ್ ದುಬಾರಿ. ಬದಲಿಗೆ ಗ್ಯಾಸ್ ವೆಲ್ಡಿಂಗ್ ಟಾರ್ಚಿನ ಮೂತಿ ಶುಚಿ ಮಾಡಲು ಸಿಗುವ ಸಣ್ಣ ದುಂಡು ಅರಗಳ ಕಟ್ಟು ತನ್ನಿ, ತಂತಿಯ ದಪ್ಪಕ್ಕಿಂತ ಒಂದು ಕೂದಲು ಹೆಚ್ಚಿನದನ್ನು ಆರಿಸಿಕೊಳ್ಳಿ. ಅರವನ್ನು ಕೀಗಳ ಕಡೆಗೆ ತುಸು ಇಳಿಜಾರಾಗಿ ಹಿಡಿಯಬೇಕು, ತಂತಿ ಗೀರನ್ನು ಬಿಡುವ ಜಾಗ ಫ್ರೆಟ್‌ಬೋರ್ಡಿನ ಕಡೆಯ ಅಂಚೇ ಆಗಿರಬೇಕು. ಒಂದೆರಡು ಸಲ ಉಜ್ಜಿ, ತಂತಿ ಕೂರಿಸಿ, ಒತ್ತಿ, ನೋಡಿ, ಮತ್ತೆ ಉಜ್ಜಿ. ಆತುರ ಬೇಡ. ಅಕಸ್ಮಾತ್ ಹೆಚ್ಚು ಆಳವಾಗಿ ಒತ್ತದೆ ಮೀಟಿದ ತಂತಿ ಜಿರಗುಟ್ಟಿದರೆ, ಗೀರಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಡಿ. ಕ್ಷಣದಲ್ಲಿ ಕಲ್ಲಿನಂತಾಗುತ್ತದೆ, ಮತ್ತೆ ಹೊಸದಾಗಿ ಗೀರಬಹುದು.

ಇನ್ನು ನೆಕ್ಕಿನ ಬಾಗು. ಮೊದಲನೇ ಫ್ರೆಟ್ಟಿಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ಟನ್ನು ಒತ್ತಿ ಹಿಡಿದರೆ ತಂತಿಯೇ ನಿಮಗೆ ನೇರಗೋಲು. ಏಳು-ಎಂಟನೇ ಫ್ರೆಟ್ಟಿನ ಹತ್ತಿರ 0.2ರಿಂದ 0.3 ಮಿಲಿಮೀಟರ್ ಸಂದಿ ಇದ್ದರೆ ಚೆನ್ನ. ಹೆಚ್ಚಿದ್ದರೆ ಟ್ರಸ್ ರಾಡನ್ನು (ನೆಕ್ಕಿನ ಒಳಗಿನ, ಬಾಗು ಸರಿಪಡಿಸುವ ಲೋಹದ ಸರಳು) ಬಲಕ್ಕೆ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. ಎಲ್ಲಾದರೂ ಜೋರಾಗಿ ಅಡ್ಡಿಯಾದರೆ ಅಲ್ಲಿಗೇ ನಿಲ್ಲಿಸಿ. ಮುರಿದ ಟ್ರಸ್ ರಾಡಿನ ದುರಸ್ತಿಗೆ ಅಗ್ಗದ ಗಿಟಾರಿನ ಬೆಲೆಗಿಂತ ಹೆಚ್ಚು ಖರ್ಚಾಗುತ್ತದೆ. ಬಾಗು ಸರಿಹೋದ ಮೇಲೆ ಬ್ರಿಡ್ಜಿನಲ್ಲಿ ಒಂದೊಂದು ತಂತಿಯನ್ನೂ ಹೊರುವ ಸ್ಯಾಡಲ್‌ಗಳ ಎತ್ತರ ಇಳಿಸಿ. 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿಗೆ ಸುಮಾರು 2 ಮಿಲಿಮೀಟರ್, ತೆಳು ತಂತಿಗೆ 1.6 ಇಟ್ಟು ನುಡಿಸಿ ನೋಡಿ. ಕೊನೆಗೆ 12ನೇ ಫ್ರೆಟ್ಟಿನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿದ ಸ್ವರ) ಮತ್ತು ಅಲ್ಲೇ ಒತ್ತಿ ನುಡಿಸಿದ ಸ್ವರ ಎರಡನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಬ್ರಿಡ್ಜನ್ನು ಅಲುಗಿಸಿ ಸ್ವರ ಏರಿಳಿಸುವ ಟ್ರೆಮೊಲೊ ಕೋಲನ್ನು ನೀವು ಬಳಸದಿದ್ದರೆ ಹಿಂಭಾಗದ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂ ಬಿಗಿ ಮಾಡಿ, ಬ್ರಿಡ್ಜ್ ಬಾಡಿಗೆ ಅಂಟಿ ಕೂರಲಿ. ಶ್ರುತಿ ನಿಲ್ಲಲು ಇದರಷ್ಟು ಸಹಾಯ ಮಾಡುವ ಪುಕ್ಕಟೆ ಉಪಾಯ ಇನ್ನೊಂದು ನನಗೆ ಸಿಕ್ಕಿಲ್ಲ.

ಗುಂಯ್ ಶಬ್ದದ ವಿಷಯಕ್ಕೆ ಬರೋಣ. ತಂತಿಗಳನ್ನು ಕೈಯಿಂದ ಮುಟ್ಟಿದಾಗ ಶಬ್ದ ಕಡಿಮೆಯಾಗುತ್ತದೆಯೇ? ಕಡಿಮೆಯಾದರೆ ಬ್ರಿಡ್ಜಿನ ಗ್ರೌಂಡ್ ವೈರು (ತಂತಿಗಳನ್ನು ಜ್ಯಾಕಿನ ಗ್ರೌಂಡಿಗೆ ಸೇರಿಸುವ ವೈರು) ಸರಿ ಇದೆ, ಒಳಗಿನ ಶೀಲ್ಡಿಂಗ್ (ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ) ಸಾಲದು. ಏನೂ ವ್ಯತ್ಯಾಸವಾಗದಿದ್ದರೆ ಆ ವೈರೇ ಕಿತ್ತುಬಂದಿರುವ ಸಾಧ್ಯತೆ ಹೆಚ್ಚು, ಮೊದಲು ಅದನ್ನು ಬೆಸೆಯಿರಿ. ಶೀಲ್ಡಿಂಗಿಗೆ ಅಂಟಿನಲ್ಲೂ ವಿದ್ಯುತ್ ಹರಿಯುವಂಥ ತಾಮ್ರದ ಟೇಪ್ ಬೇಕು. ಪಿಕ್‌ಗಾರ್ಡಿನ (ಪಿಕಪ್ಪುಗಳನ್ನು ಹೊತ್ತ ಮುಂಭಾಗದ ಪ್ಲಾಸ್ಟಿಕ್ ಹಲಗೆ) ಹಿಂಭಾಗಕ್ಕೂ ಮರದ ಗುಳಿಯ ಒಳಗೋಡೆಗೂ ಒಂದರ ಮೇಲೊಂದು ಅಂಚು ಸೇರುವಂತೆ ಅಂಟಿಸಿ. ಎಲ್ಲ ತುಂಡುಗಳೂ ಒಂದಕ್ಕೊಂದು ಕೂಡಿವೆಯೇ ಅಂತ ಮಲ್ಟಿಮೀಟರಿನಲ್ಲಿ ನೋಡಿ, ಒಂದು ವೈರಿನಿಂದ ಗ್ರೌಂಡಿಗೆ ಸೇರಿಸಿ. ಜ್ಯಾಕಿನ ಸಿಗ್ನಲ್ ತುದಿ ಮಾತ್ರ ಟೇಪಿಗೆ ತಾಗಬಾರದು, ತಾಗಿದರೆ ಗಿಟಾರ್ ಪೂರ್ತಿ ಮೂಕ. ಇಷ್ಟು ಮಾಡಿದರೂ ಒಂಟಿ ಸುರುಳಿಯ ಪಿಕಪ್ಪಿನಲ್ಲಿ ಸ್ವಲ್ಪ ಗುಂಯ್ ಉಳಿದೇ ಉಳಿಯುತ್ತದೆ, ಯಾಕೆಂದರೆ ಸುತ್ತಲಿನ ಕರೆಂಟಿನ 50 ಅಥವಾ 60 ಹರ್ಟ್ಸ್ ಕಾಂತಕ್ಷೇತ್ರವನ್ನು ಸುರುಳಿಯೇ ಹಿಡಿಯುತ್ತದೆ, ತಾಮ್ರದ ಹಾಳೆ ಅದನ್ನು ತಡೆಯುವುದಿಲ್ಲ. ಅದಕ್ಕಾಗಿಯೇ 1955ರಲ್ಲಿ ಗಿಟಾರ್ ಕಂಪನಿ ಗಿಬ್ಸನ್‌ನಲ್ಲಿದ್ದ ಸೇತ್ ಲವರ್ ಎರಡು ಸುರುಳಿಗಳನ್ನು ಎದುರುಬದುರು ಜೋಡಿಸಿ ಹಂಬಕರ್ ಮಾಡಿದ್ದು: ಗುಂಯ್ ಪರಸ್ಪರ ವಜಾ ಆಗುತ್ತದೆ, ತಂತಿಯ ನಾದ ಕೂಡಿಕೊಳ್ಳುತ್ತದೆ.

ಬೆಸುಗೆಯಲ್ಲಿ ಹೊಸಬರನ್ನು ಕಾಡುವುದು ಪೊಟೆನ್ಷಿಯೊಮೀಟರಿನ (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿರುವ ಭಾಗ) ಬೆನ್ನು. ಆ ಲೋಹದ ಡಬ್ಬಿ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಬೆಸುಗೆಯ ಸೀಸ ಕರಗಿ ಗುಂಡಾಗಿ ಕೂರುತ್ತದೆ, ಅಂಟಿದಂತೆ ಕಾಣುತ್ತದೆ, ನಾಳೆ ಎಳೆದರೆ ಕೈಗೆ ಬರುತ್ತದೆ. ಮೊದಲು ಆ ಜಾಗವನ್ನು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ. 40 ವಾಟಿನ ಐರನ್ನಿನ ಅಗಲ ಮೊನೆಯನ್ನು ಡಬ್ಬಿಗೆ ಒರಗಿಸಿ ಡಬ್ಬಿಯೇ ಕಾಯಲು ಬಿಡಿ, ಸೀಸವನ್ನು ಮೊನೆಗಲ್ಲ ಡಬ್ಬಿಗೆ ಮುಟ್ಟಿಸಿ. ಅದು ನೀರಿನ ಹಾಗೆ ಹರಡಿ ಮಿಂಚಿದರೆ ಬೆಸುಗೆ ಕೂತಿದೆ. ಆರುವವರೆಗೆ ವೈರ್ ಅಲುಗಿಸಬೇಡಿ. ಒಳಗೆ ಕೈ ಹಾಕಿದ್ದಾಗಲೇ ಪೊಟೆನ್ಷಿಯೊಮೀಟರಿನ ಮೇಲೆ ಬರೆದ ಅಂಕಿ ಓದಿ. ಒಂಟಿ ಸುರುಳಿಗೆ ಸಾಮಾನ್ಯವಾಗಿ 250 ಕಿಲೋಓಮ್, ಹಂಬಕರಿಗೆ 500. ಹಂಬಕರಿಗೆ 250 ಹಾಕಿದ್ದರೆ ನಾದ ಮಂಕಾಗುತ್ತದೆ, ಅದನ್ನು ಕೇಳಿ ಪಿಕಪ್ಪೇ ಕೆಟ್ಟದ್ದು ಅಂತ ತೀರ್ಮಾನಿಸುವವರು ಬಹಳ ಜನ. ವಾಲ್ಯೂಮ್ ಇಳಿಸಿದಾಗ ನಾದ ಕಂಬಳಿ ಹೊದ್ದಂತೆ ಆಗುತ್ತಿದ್ದರೆ, ವಾಲ್ಯೂಮಿನ ಒಳಬರುವ ಮತ್ತು ಹೊರಹೋಗುವ ಕಾಲುಗಳ ನಡುವೆ 0.001 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದಕ್ಕೆ ಸಮಾಂತರವಾಗಿ 150 ಕಿಲೋಓಮ್ ರೆಸಿಸ್ಟರ್ ಬೆಸೆಯಿರಿ. ಚಿಲ್ಲರೆ ಕಾಸಿನ ಕೆಲಸ.

ಪಿಕಪ್ ಬದಲಿಸುವ ಮುಂಚೆ ಅದರ ಎತ್ತರ ಬದಲಿಸಿ ನೋಡಿ. ಎರಡು ಬದಿಯ ಸ್ಕ್ರೂಗಳು ಇರುವುದೇ ಅದಕ್ಕೆ. ತೀರ ಹತ್ತಿರವಿದ್ದರೆ ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ಅಲುಗಾಡುತ್ತದೆ, ತೀರ ದೂರವಿದ್ದರೆ ನಾದ ಸೊರಗುತ್ತದೆ. ಕೊನೆಯ ಫ್ರೆಟ್ ಒತ್ತಿದಾಗ ಎರಡು-ಎರಡೂವರೆ ಮಿಲಿಮೀಟರ್ ದೂರದಿಂದ ಶುರು ಮಾಡಿ, ಕಿವಿ ಹೇಳಿದಂತೆ ಏರಿಳಿಸಿ. ಇದೆಲ್ಲ ಆದ ಮೇಲೂ ಮನಸ್ಸಿಗೆ ಸಮಾಧಾನವಿಲ್ಲ ಅಂದರೆ ಪಿಕಪ್ ಕೊಳ್ಳಿ. ಮೂರನ್ನೂ ಬೇಡ, ಬ್ರಿಡ್ಜಿನ ಹತ್ತಿರದ್ದು ಒಂದೇ ಸಾಕು. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ತನ್ನ ‘ಫ್ರಾಂಕೆನ್‌ಸ್ಟ್ರಾಟ್’ ಗಿಟಾರಿಗೆ ಕಾರ್ಖಾನೆಯಲ್ಲಿ ದೋಷವಿದೆ ಅಂತ ಬೇರೆ ಇಟ್ಟಿದ್ದ ಬಾಡಿಯನ್ನು 50 ಡಾಲರಿಗೂ ನೆಕ್ಕನ್ನು 80 ಡಾಲರಿಗೂ ಕೊಂಡು, ಹಳೆಯ ಗಿಬ್ಸನ್ ಒಂದರ ಹಂಬಕರನ್ನು ಮೇಣದಲ್ಲಿ ಅದ್ದಿ ಬ್ರಿಡ್ಜಿನ ಪಕ್ಕ ಕೂರಿಸಿದ. ನಾದಕ್ಕೆ ದುಡಿದದ್ದು ಆ ಒಂದೇ ಪಿಕಪ್, ಒಂದೇ ವಾಲ್ಯೂಮ್ ಗುಂಡಿ. ಮೇಣ ಸುರುಳಿಯ ಎಳೆಗಳನ್ನು ಅಲುಗದಂತೆ ಹಿಡಿಯುವುದರಿಂದ ಜೋರು ದನಿಯಲ್ಲಿ ಪಿಕಪ್ ಕೀಚಲಿಡುವುದಿಲ್ಲ.

ಕಿಟ್ ಯಾಕೆ ಬೇಡ ಅಂದೆ? ಬಹಳಷ್ಟು ಅಗ್ಗದ ಕಿಟ್‌ಗಳಲ್ಲಿ ಬರುವುದು ಇದೇ ದರ್ಜೆಯ ನಟ್, ಇದೇ ದರ್ಜೆಯ ಫ್ರೆಟ್. ಮೇಲೆ ಹೇಳಿದ ಕೆಲಸವೆಲ್ಲ ಅದಕ್ಕೂ ಮಾಡಲೇಬೇಕು, ಜೊತೆಗೆ ಉಜ್ಜುವುದು, ಬಣ್ಣ ಬಳಿಯುವುದು ಬೇರೆ. ಕ್ವೀನ್ ತಂಡದ ಗಿಟಾರ್ ವಾದಕ ಬ್ರಯನ್ ಮೇ 1963ರಲ್ಲಿ ತಂದೆಯ ಜೊತೆ ಸೇರಿ ‘ರೆಡ್ ಸ್ಪೆಷಲ್’ ಕಟ್ಟಲು ತೊಡಗಿದಾಗ ನೆಕ್ಕಿಗೆ ಬಳಸಿದ್ದು ಹಳೆಯ ಬೆಂಕಿಗೂಡಿನ ಮಹಾಗನಿ, ಟ್ರೆಮೊಲೊಗೆ ಹಳೆಯ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್, ಫ್ರೆಟ್‌ಬೋರ್ಡಿನ ಚುಕ್ಕೆಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿ. ನನಗೆ ಈ ಕತೆಯ ಮೇಲೆ ಎಲ್ಲಿಲ್ಲದ ಪ್ರೀತಿ. ಆದರೆ ಆ ಕೆಲಸ ಸುಮಾರು ಎರಡು ವರ್ಷ ನಡೆಯಿತು, ಕೈಜೋಡಿಸಿದ ತಂದೆ ಎಲೆಕ್ಟ್ರಾನಿಕ್ಸ್ ಬಲ್ಲವರು. ಉಳಿದದ್ದು ದುಡ್ಡು, ಸುರಿದದ್ದು ಸಮಯ ಮತ್ತು ತಿಳಿವಳಿಕೆ.

ಮುಂದೆ ಕಟ್ಟುವ ಆಸೆ ಇದ್ದೇ ಇದ್ದರೆ ಬಾಡಿಯನ್ನು ನೀವೇ ಮಾಡಿ, ನೆಕ್ಕನ್ನು ಮಾತ್ರ ಸಿದ್ಧವಾಗಿರುವುದನ್ನೇ ತನ್ನಿ, ಬೇಕಾದರೆ ಹಳೆಯ ಗಿಟಾರ್ ಒಂದರದ್ದು. ನಾಲ್ಕು ಸ್ಕ್ರೂಗಳಲ್ಲಿ ನೆಕ್ ಕೂರಿಸುವ ಪದ್ಧತಿಯನ್ನು ಗಿಟಾರ್ ತಯಾರಕ ಲಿಯೋ ಫೆಂಡರ್ 1950ರಲ್ಲೇ ಮಾರುಕಟ್ಟೆಗೆ ತಂದದ್ದು ನಮ್ಮಂಥವರಿಗೆ ದೊಡ್ಡ ಉಪಕಾರ. ಕೊಳ್ಳುವಾಗ ಹೆಡ್‌ಸ್ಟಾಕಿನ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ, ನೆಕ್ ತಿರುಚಿಕೊಂಡಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ. ಫ್ರೆಟ್‌ಬೋರ್ಡನ್ನು ಮನೆಯಲ್ಲಿ ಕೊರೆಯುವುದು ಮೊದಲ ಸಲಕ್ಕೆ ಬೇಡ. 648 ಮಿಲಿಮೀಟರ್ ಉದ್ದದ ಸ್ಕೇಲನ್ನು (ನಟ್‌ನಿಂದ ಸ್ಯಾಡಲಿನವರೆಗಿನ ತಂತಿಯ ಉದ್ದ) 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ 36.37 ಮಿಲಿಮೀಟರಿಗೆ ಬರುತ್ತದೆ, ಉಳಿದ ಉದ್ದವನ್ನು ಮತ್ತೆ ಭಾಗಿಸಿದರೆ ಎರಡನೆಯದು, ಹೀಗೇ ಮುಂದಕ್ಕೆ. ಲೆಕ್ಕ ಸುಲಭ, ಆದರೆ ಅರ್ಧ ಮಿಲಿಮೀಟರ್ ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ. ಬಾಡಿಗೆ ಚೆನ್ನಾಗಿ ಒಣಗಿದ, ಸುಮಾರು 45 ಮಿಲಿಮೀಟರ್ ದಪ್ಪದ ಗಟ್ಟಿ ಮರ ಯಾವುದಾದರೂ ಆದೀತು. ಉಜ್ಜುವಾಗ ಮಾಸ್ಕ್ ಮರೆಯಬೇಡಿ. ಬ್ರಿಡ್ಜಿಗೆ ತೂತು ಕೊರೆಯುವ ಮುಂಚೆ ಮಾತ್ರ ನೆಕ್ ಬಿಗಿದು, ನಟ್‌ನಿಂದ 12ನೇ ಫ್ರೆಟ್ಟಿಗೆ ಎಷ್ಟು ದೂರವೋ ಅಲ್ಲಿಂದ ತೆಳು ಇ ತಂತಿಯ ಸ್ಯಾಡಲಿಗೂ ಅಷ್ಟೇ ದೂರ ಬರುವಂತೆ, ಆ ಸ್ಯಾಡಲ್ಲನ್ನು ಹೆಚ್ಚುಕಡಿಮೆ ಪೂರ್ತಿ ಮುಂದಕ್ಕೆ ತಂದಿಟ್ಟು ಗುರುತು ಹಾಕಿ. ಉಳಿದ ಸ್ಯಾಡಲ್‌ಗಳೆಲ್ಲ ಅದಕ್ಕಿಂತ ಹಿಂದಕ್ಕೇ ಸರಿಯುವುದರಿಂದ, ಅವಕ್ಕೆ ಜಾಗ ಹಿಂದುಗಡೆ ಇರಬೇಕು.