ಮೋಡ, ನಾನು ನೋಡಲಿಲ್ಲ

ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಬಾಬಿಲೋನಿನವರನ್ನು ಖಗೋಳ ವಿಜ್ಞಾನಿಗಳು ಅಂತ ಹೊಗಳಿದ್ದೀರಿ. ಅವರು ಶಕುನ ಹೇಳುವವರು. ದುರ್ಬೀನು ಇರಲಿಲ್ಲ, ಭೂಮಿ ಸೂರ್ಯನನ್ನು ಸುತ್ತುತ್ತದೆ ಅಂತಲೂ ಗೊತ್ತಿರಲಿಲ್ಲ. ಗ್ರಹಣದ ದಿನ ಮೊದಲೇ ಹೇಗೆ ಹೇಳಿಯಾರು? ಸುಮ್ನೆ ಬರೆದಿದ್ದೀರಿ, ಅಲ್ವಾ?"

ಸಂಪಾದಕರ ಉತ್ತರ:

ಸುಮ್ನೆ ಬರೆದಿಲ್ಲ ಸ್ವಾಮಿ. ಆದರೆ ನಿಮ್ಮ ಮಾತಿನಲ್ಲಿ ಅರ್ಧ ನಿಜ. ಈಗಿನ ಇರಾಕಿನಲ್ಲಿದ್ದ ಆ ಬಾಬಿಲೋನಿನವರು ಶಕುನದವರೇ. 'ಎನೂಮ ಅನು ಎನ್ಲಿಲ್' ಅನ್ನುವ ಅವರ ಶಕುನ ಸಂಗ್ರಹ ಸುಮಾರು 70 ಮಣ್ಣಿನ ಹಲಗೆಗಳಷ್ಟಿದೆ. ಪಕ್ಕದ ಅಸಿರಿಯಾದಲ್ಲೂ ಅದೇ ಶಾಸ್ತ್ರ, ಅದೇ ಭಯ. ಅಲ್ಲಿನ ದೊರೆ ಎಸರ್‌ಹದ್ದೋನ್ (ಕ್ರಿ.ಪೂ. 681–669) ಕೆಟ್ಟ ಗ್ರಹಣ ಬಂದರೆ ಸಿಂಹಾಸನದಲ್ಲಿ ಬೇರೆಯವನನ್ನು ಕೂರಿಸುತ್ತಿದ್ದ. ಕೇಡು ತಟ್ಟುವುದಾದರೆ ಅವನಿಗೆ ತಟ್ಟಲಿ ಅಂತ. ಅಷ್ಟು ದಿನ ಪಂಡಿತರು ನಿಜವಾದ ದೊರೆಗೆ ಬರೆಯುವ ಓಲೆಯಲ್ಲಿ ಅವನನ್ನು 'ರೈತ' ಅಂತ ಕರೆಯುತ್ತಿದ್ದರು. ಬದಲಿ ದೊರೆಯನ್ನು ಅವಧಿ ಮುಗಿದ ಮೇಲೆ ಕೊಲ್ಲುತ್ತಿದ್ದರು. ಇಷ್ಟೆಲ್ಲ ಏರ್ಪಾಡು ಆಗಬೇಕಾದರೆ ಗ್ರಹಣ ಯಾವಾಗ ಅಂತ ಮೊದಲೇ ತಿಳಿದಿದ್ದರೆ ಅನುಕೂಲ ತಾನೆ?

ಹಾಗಾಗಿ ಅವರು ಬರೆದಿಡಲು ಕೂತರು. ಆ ಕೂತದ್ದೇ ನನಗೆ ದೊಡ್ಡ ವಿಷಯ. ಬಾಬಿಲೋನಿನ ಅಮ್ಮಿಸದುಕ ದೊರೆಯ ಕಾಲದಲ್ಲೇ, ಅಂದರೆ ಕ್ರಿ.ಪೂ. 17ನೇ ಶತಮಾನದ ಹೊತ್ತಿಗೆ, ಶುಕ್ರ ಯಾವ ದಿನ ಕಂಡಿತು, ಯಾವ ದಿನ ಮರೆಯಾಯಿತು ಅಂತ 21 ವರ್ಷಗಳ ಪಟ್ಟಿ ಮಾಡಿದ್ದಾರೆ. ಆಮೇಲೆ ಬಂದದ್ದು ದಿನಚರಿಗಳು. ನಮಗೆ ಸಿಕ್ಕಿರುವುದರಲ್ಲಿ ಹಳೆಯದು ಕ್ರಿ.ಪೂ. 652ರದು, ಕೊನೆಯದು ಕ್ರಿ.ಪೂ. 61ರದು. ಸುಮಾರು 600 ವರ್ಷ, ಒಂದೇ ಬಗೆಯ ಬರಹ!

ಆ ದಿನಚರಿ ನೋಡಿದರೆ ಶೆಟ್ಟರ ಅಂಗಡಿಯ ಕಿರ್ದಿ ಪುಸ್ತಕ ನೆನಪಾಗುತ್ತದೆ. ಚಂದ್ರ ಯಾವ ನಕ್ಷತ್ರದ ಹತ್ತಿರ ಇದ್ದ, ಗುರು ಎಲ್ಲಿದ್ದ ಅಂತ ಬರೆದು, ಅದರ ಕೆಳಗೇ ಒಂದು ಶೆಕೆಲ್ (ಅವರ ತೂಕದ ಅಳತೆ) ಬೆಳ್ಳಿಗೆ ಎಷ್ಟು ಬಾರ್ಲಿ, ಎಷ್ಟು ಖರ್ಜೂರ, ಎಳ್ಳು, ಉಣ್ಣೆ ಅಂತ ಬರೆಯುತ್ತಿದ್ದರು. ಯೂಫ್ರೆಟಿಸ್ ನದಿ ಎಷ್ಟು ಏರಿತು, ಎಷ್ಟು ಇಳಿಯಿತು ಅಂತಲೂ ಬರೆಯುತ್ತಿದ್ದರು. ಮೋಡ ಕವಿದ ರಾತ್ರಿ? 'ಮೋಡ, ನಾನು ನೋಡಲಿಲ್ಲ.' ಅಷ್ಟೇ. ಊಹಿಸಿ ತುಂಬಿಸುವ ಆಸೆ ಆಗಲಿಲ್ಲವೇ ಅಂತ ನನಗೆ ಆಶ್ಚರ್ಯ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಬಾಬಿಲೋನಿನಲ್ಲೇ ಸತ್ತ. ದಿನಚರಿಯಲ್ಲಿ ಆ ದಿನದ ಸಾಲು: ದೊರೆ ಸತ್ತ, ಮೋಡ.

ಈಗ ನಿಮ್ಮ ಪ್ರಶ್ನೆ. ಇಷ್ಟು ವರ್ಷಗಳ ಲೆಕ್ಕ ಕೈಯಲ್ಲಿದ್ದರೆ, ಭೂಮಿ ಸುತ್ತುತ್ತದೋ ಆಕಾಶ ಸುತ್ತುತ್ತದೋ ಅನ್ನುವ ಗೊಡವೆ ಬೇಕಿಲ್ಲ. 223 ಚಾಂದ್ರ ತಿಂಗಳು ಕಳೆದರೆ, ಅಂದರೆ 18 ವರ್ಷ, 11 ದಿನ ಮತ್ತು ಸುಮಾರು 8 ಗಂಟೆಗೆ, ಅದೇ ಬಗೆಯ ಗ್ರಹಣ ಮತ್ತೆ ಬರುತ್ತದೆ. ಅದನ್ನು ಅವರು ಹಳೆಯ ಹಲಗೆಗಳಿಂದಲೇ ಕಂಡುಕೊಂಡರು. ಆ 8 ಗಂಟೆಯೇ ತಕರಾರು. ಅದರಿಂದಾಗಿ ಮುಂದಿನ ಚಂದ್ರಗ್ರಹಣ ಬಾಬಿಲೋನಿನ ಹಗಲಿಗೆ ಬೀಳಬಹುದು, ಆಗ ಚಂದ್ರನೇ ಕಾಣುವುದಿಲ್ಲ. ಲೆಕ್ಕದಲ್ಲಿ ಬಂದು ಕಣ್ಣಿಗೆ ಕಾಣದ ಅಂಥ ಗ್ರಹಣಗಳನ್ನೂ ಅವರು ದಾಖಲಿಸಿದ್ದಾರೆ.

ಕೊನೆಕೊನೆಗೆ ಲೆಕ್ಕ ಬಹಳ ಸೂಕ್ಷ್ಮವಾಯಿತು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಅವರ ಸರಾಸರಿ 29 ದಿನ, 12 ಗಂಟೆ, 44 ನಿಮಿಷ, 3 ಸೆಕೆಂಡಿಗಿಂತ ಚೂರು ಜಾಸ್ತಿ. ಇವತ್ತಿನ ಲೆಕ್ಕಕ್ಕೂ ಅದಕ್ಕೂ ಒಂದು ಸೆಕೆಂಡೂ ವ್ಯತ್ಯಾಸವಿಲ್ಲ. ತಿಂಗಳನ್ನು 30 ಸಮಪಾಲು ಮಾಡಿ ಎಣಿಸುತ್ತಿದ್ದರು. ಆ ಪಾಲಿಗೆ ಇಂದಿನ ವಿದ್ವಾಂಸರು ಇಟ್ಟಿರುವ ಹೆಸರು ನಮ್ಮ ಪಂಚಾಂಗದ್ದೇ, ತಿಥಿ. ಅಧಿಕ ಮಾಸವೂ ಅವರಲ್ಲಿತ್ತು, 19 ವರ್ಷಕ್ಕೆ 7ರಂತೆ. ಮೇಷ, ವೃಷಭ ಅಂತ ನಾವು ಎಣಿಸುವ 12 ಸಮ ರಾಶಿಗಳ ಏರ್ಪಾಡೂ ಅಲ್ಲಿ ಹುಟ್ಟಿ, ಗ್ರೀಕರ ಮೂಲಕ ನಮ್ಮಲ್ಲಿಗೆ ಬಂತು.

ಗ್ರಹಗಳ ಚಿತ್ರವಾಗಲಿ, ಸುತ್ತುವ ಮಾದರಿಯಾಗಲಿ ಈ ಲೆಕ್ಕದ ಹಲಗೆಗಳಲ್ಲಿಲ್ಲ. ಬರೀ ಅಂಕಿಗಳ ಸಾಲು. ಅದಕ್ಕೇ ಇವರನ್ನು ಗ್ರೀಕರಿಗಿಂತ ಒಂದು ಮೆಟ್ಟಿಲು ಕೆಳಗೆ ಇಡುವವರಿದ್ದಾರೆ. ನಾನು ಇಡಲಾರೆ. 2016ರಲ್ಲಿ ಖಗೋಳ ಶಾಸ್ತ್ರದ ಇತಿಹಾಸಕಾರ ಮ್ಯಾಥ್ಯೂ ಒಸೆಂಡ್ರೈವರ್ ಬ್ರಿಟಿಷ್ ಮ್ಯೂಸಿಯಂನ ಕೆಲವು ಹಲಗೆಗಳನ್ನು ಓದಿ ತೋರಿಸಿದ್ದೇನೆಂದರೆ, ಗುರು 60 ದಿನದಲ್ಲಿ ಎಷ್ಟು ದೂರ ಸರಿಯುತ್ತದೆ ಅನ್ನುವುದನ್ನು ಅವರು ವೇಗ ಮತ್ತು ಕಾಲದಿಂದಾಗುವ ಚತುರ್ಭುಜದ ವಿಸ್ತೀರ್ಣವಾಗಿ ಲೆಕ್ಕ ಹಾಕಿದ್ದರು. ಯುರೋಪಿನವರಿಗೆ ಈ ಉಪಾಯ ಹೊಳೆದದ್ದು 14ನೇ ಶತಮಾನದಲ್ಲಿ.

ಒಂದು ತಿದ್ದುಪಡಿ. ಕಾಲ ಗುರುತಿಸಲಾದ ಕೊನೆಯ ಬಾಣಲಿಪಿ (ಹಸಿ ಮಣ್ಣಿನ ಮೇಲೆ ಒತ್ತಿ ಬರೆಯುವ ಅವರ ಲಿಪಿ) ಹಲಗೆಗಳಲ್ಲೊಂದು ಆಕಾಶದ ಪಂಚಾಂಗ. ಅದರ ಕಾಲ ನಮ್ಮ ಲೇಖನದಲ್ಲಿ ಕ್ರಿ.ಪೂ. 75 ಅಂತ ಅಚ್ಚಾಗಿತ್ತು. ಅದು ಕ್ರಿ.ಶ. 75 ಆಗಬೇಕಿತ್ತು. ಕರಡು ತಿದ್ದಿದವನು ನಾನೇ. ಮೋಡವೇನೂ ಇರಲಿಲ್ಲ, ಆದರೂ ನೋಡಲಿಲ್ಲ.